ಅಜ್ಜಿಯ ಕವರು

ನಮ್ಮ ಅಜ್ಜಿ ಹುಟ್ಟಿದ್ದು 1923ರಲ್ಲಿ, ತುಳು ತಿಂಗಳು ಆಟಿ ಮುಗಿದು ಸೋಣ ಹತ್ತುವ ಹೊತ್ತಿಗೆ. ನೇತ್ರಾವತಿ ದಂಡೆಯವರ ಲೆಕ್ಕದಲ್ಲಿ ಅದು ನೆರೆಯ ವರ್ಷ. ಬಂಟ್ವಾಳ, ಪಾಣೆಮಂಗಳೂರು ಪೇಟೆಗಳಿಗೆ ನೀರು ನುಗ್ಗಿ, ಬೈಲುಗದ್ದೆಗಳ ಮೇಲೆ ಹೊಯಿಗೆ ಹಾಸಿ ಹೊಳೆ ಇಳಿದ ಕೆಲವೇ ದಿನಕ್ಕೆ ಹುಟ್ಟಿದ ಮಗು ಅವರು. ಊರಿನ ಹಿರಿಯರು ಕಡೆತನಕ ಅವರ ವಯಸ್ಸನ್ನು ನೆರೆಯಿಂದಲೇ ಎಣಿಸುತ್ತಿದ್ದರು. ತೀರಿಕೊಂಡದ್ದು 2016ರಲ್ಲಿ, ಹುಟ್ಟಿದ ಮನೆಯಲ್ಲೇ.

ಮದುವೆಯಾಗಿ, ನಾಲ್ಕು ಮಕ್ಕಳನ್ನು ಹೆತ್ತು, ಮರಿಮಕ್ಕಳ ಮುಖ ಕಂಡ ಹೆಂಗಸೊಬ್ಬಳು ಹುಟ್ಟಿದ ಮನೆಯಲ್ಲೇ ಕಣ್ಣುಮುಚ್ಚುವುದು ಈ ದೇಶದ ಹೆಚ್ಚಿನ ಕಡೆ ಕಾಣದ ಸಂಗತಿ. ತುಳುನಾಡಿನಲ್ಲಿ ಅದು ತಲೆತಲಾಂತರದ ರೂಢಿಯಾಗಿತ್ತು. ಅದನ್ನು ಅಳಿಯಸಂತಾನವೆಂದು ಕೋರ್ಟಿನ ಕಾಗದಗಳು ಕರೆದವು, ಅಳಿಯಕಟ್ಟು ಎಂದು ಊರು ಕರೆಯಿತು. ಅಜ್ಜಿ ಹುಟ್ಟುವಾಗ ಈ ಕಟ್ಟು ಗಟ್ಟಿಯಾಗಿತ್ತು. ಅವರ ನಡುವಯಸ್ಸಿನಲ್ಲಿ ಅದು ಕಳಚಿತು. ಅವರು ಹೋಗುವಾಗ ಮೊಮ್ಮಕ್ಕಳಲ್ಲಿ ಹಲವರಿಗೆ ಅದರ ಅರ್ಥವೂ ಗೊತ್ತಿರಲಿಲ್ಲ. ನಾನು ಅವರ ಹಿರಿಯ ಮಗಳ ಮಗಳು. ವಕೀಲಳಾಗಿ ಪಾಲುಪಟ್ಟಿಗಳನ್ನು ಓದುವುದು, ಬರೆಯುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಅಜ್ಜಿಯನ್ನು ನೆನೆಯುವಾಗ ಅವರ ಕೈರುಚಿ, ಅವರ ಸೆರಗಿನ ವಾಸನೆಗಳ ಜೊತೆಗೆ ಅವರಿಗಿದ್ದ ಒಂದು ಹಕ್ಕನ್ನೂ ನೆನೆಯಬೇಕು ಅನಿಸುತ್ತದೆ.

ಕಟ್ಟಿನ ಒಳಗು ಹೀಗಿತ್ತು. ವಂಶ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ. ಮಗು ತಾಯಿಯ ಬರಿಗೆ, ಅಂದರೆ ತಾಯಿಯ ಕಡೆಯ ಗೋತ್ರಕ್ಕೆ ಸೇರಿದ್ದು, ತಾಯಿಯ ಕುಟುಂಬಕ್ಕೆ ಸೇರಿದ್ದು. ಒಂದೇ ಬರಿಯವರ ನಡುವೆ ಮದುವೆ ಇಲ್ಲ. ಆಸ್ತಿ ಯಾರೊಬ್ಬರದೂ ಅಲ್ಲ, ಕುಟುಂಬದ್ದು. ಮನೆಯ ಹೆಣ್ಣುಮಕ್ಕಳು, ಅವರ ಮಕ್ಕಳು, ಆ ಹೆಣ್ಣುಮಕ್ಕಳ ಹೆಣ್ಣುಮಕ್ಕಳ ಮಕ್ಕಳು, ಎಲ್ಲರಿಗೂ ಅಲ್ಲಿ ಹುಟ್ಟಿನಿಂದಲೇ ಅನ್ನಕ್ಕೂ ನೆರಳಿಗೂ ಹಕ್ಕು. ಮನೆಯ ಗಂಡುಮಕ್ಕಳಿಗೂ ಹಕ್ಕಿತ್ತು. ಆದರೆ ಅವರ ಹೆಂಡತಿ ಮಕ್ಕಳಿಗೆ ಇರಲಿಲ್ಲ, ಏಕೆಂದರೆ ಅವರು ಇನ್ನೊಂದು ಕುಟುಂಬದವರು. ವಹಿವಾಟು ನೋಡುವವನು ಯಜಮಾನ. ಸಾಮಾನ್ಯವಾಗಿ ಆತ ಮನೆಯ ಹಿರಿಯ ಸೋದರಮಾವ, ತುಳುವಿನಲ್ಲಿ ತಮ್ಮಲೆ. ಹಿರಿಯಳು ಹೆಣ್ಣಾಗಿದ್ದರೆ ಆಕೆಯೇ ಯಜಮಾನ್ತಿ. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರಲ್ಲಿ ಬಹಳಷ್ಟು ಮಂದಿ, ಇನ್ನೂ ಹಲವು ಸಮುದಾಯದವರು ಈ ಕಟ್ಟಿನವರು. ಬ್ರಾಹ್ಮಣರು ಮೊದಲಾದವರು ವಂಶ ತಂದೆಯಿಂದ ಮಕ್ಕಳಿಗೆ ಇಳಿಯುವ ಮಕ್ಕಳಕಟ್ಟಿನವರು. ಒಂದೇ ಗ್ರಾಮದಲ್ಲಿ, ಒಂದೇ ಹೊಳೆಯ ನೀರು ಕುಡಿಯುತ್ತ, ಎರಡು ಬಗೆಯ ವಂಶಾವಳಿಗಳು ನಡೆದುಕೊಂಡು ಬಂದಿದ್ದವು.

ಇದರ ಹುಟ್ಟಿಗೆ ನಾಡಿನಲ್ಲಿ ಒಂದು ಐತಿಹ್ಯವಿದೆ. ದೇವಪಾಂಡ್ಯನೆಂಬವನು ಹೊಸ ಹಡಗುಗಳನ್ನು ಕಡಲಿಗಿಳಿಸುವಾಗ ಕುಂಡೋದರನೆಂಬ ಭೂತ ನರಬಲಿ ಕೇಳಿತು. ಅವನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ತಂದು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು. ಅವನೇ ಭೂತಾಳಪಾಂಡ್ಯನಾಗಿ ಮಾವನ ಸಂಪತ್ತಿಗೆಲ್ಲ ಒಡೆಯನಾದ, ಇನ್ನು ಮುಂದೆ ಆಸ್ತಿ ಅಳಿಯನಿಗೆ ಸಲ್ಲಬೇಕೆಂದು ಕಟ್ಟಳೆ ಮಾಡಿದ ಎನ್ನುತ್ತದೆ ಕಥೆ. ಚರಿತ್ರೆಯ ಕಣ್ಣಿಗೆ ಇದು ಪುರಾವೆಯಲ್ಲ. ಆದರೆ ಒಡಹುಟ್ಟಿದವಳ ತ್ಯಾಗಕ್ಕೆ ಇಡೀ ಆಸ್ತಿಯ ಹಾದಿಯನ್ನೇ ತಿರುಗಿಸಿ ಕೊಟ್ಟ ಕಥೆಯೊಂದನ್ನು ಈ ನಾಡು ನೂರಾರು ವರ್ಷ ನಂಬಿಕೊಂಡು ಬಂತು ಎಂಬುದು ಚರಿತ್ರೆಯೇ.

ಗಟ್ಟಿ ದಾಖಲೆಗಳೂ ಇವೆ. ಉಳ್ಳಾಲದ ಚೌಟ ಅರಸರು ಅಳಿಯಕಟ್ಟಿನವರು. ಆ ಮನೆತನದಲ್ಲಿ ಹೆಣ್ಣು ಪಟ್ಟವೇರುವುದು ಸಹಜವಾಗಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ನೋಡಲೆಂದೇ ಬಂದ. ರಾಣಿ ಅವನಿಗೆ ಕಂಡದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಆಕೆ ಬರಿಗಾಲಲ್ಲಿ ನಡೆದುಬರುತ್ತಿದ್ದಳು. ಮುಂದೆ ಟಿಪ್ಪುವಿನ ಪತನದ ನಂತರ, 1801ರಲ್ಲಿ ಕಂಪೆನಿ ಸರಕಾರಕ್ಕಾಗಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬಂಟರಲ್ಲಿ ಆಸ್ತಿ ಸೋದರಿಯ ಮಕ್ಕಳಿಗೆ ಹೋಗುವುದನ್ನು ಬರೆದಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇವೆಲ್ಲಕ್ಕಿಂತ ಆಳದ ದಾಖಲೆ ತುಳುವಿನ ಹಾಡುಕಥೆಯಾದ ಸಿರಿಯ ಪಾಡ್ದನ. ಗಂಡನ ಮನೆಯಲ್ಲಿ ಮಾನ ಸಿಗದಾಗ ಸಂಬಂಧ ಕಡಿದುಕೊಂಡು ಹೊರಟು ನಿಂತ ಸಿರಿಯ ಕಥೆಯನ್ನು ಪಾಡ್ದನ ಹಾಡುವ ಗೋಪಾಲ ನಾಯ್ಕರ ಬಾಯಿಂದ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ತುಳುನಾಡಿನ ಸಂಗಡಿಗರು 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯವಾಗಿ ಪ್ರಕಟವಾಯಿತು. ಅಜ್ಜಿ ಆ ಪುಸ್ತಕ ಕಂಡವರಲ್ಲ. ಸಿರಿಯ ಕಥೆಯನ್ನು ಅವರು ಗದ್ದೆಯ ಹುಣಿಯ ಮೇಲೆ ನಿಂತು, ನೇಜಿ ನೆಡುವ ಹೆಂಗಸರ ಬಾಯಿಂದ ಕೇಳಿದ್ದರು.

ಅಜ್ಜಿ ಹುಟ್ಟಿದ ಮನೆ ಊರಾಳುವ ದೊಡ್ಡ ಗುತ್ತೇನಲ್ಲ. ಊರಿನ ದೈವದ ನೇಮದಲ್ಲಿ ಸ್ಥಾನವಿದ್ದ ಒಂದು ಬೇಸಾಯದ ಮನೆ. ಎದುರಿಗೆ ಚಾವಡಿ, ಚಾವಡಿಯ ಒಂದು ಬದಿ ದೈವದ ಉಯ್ಯಾಲೆ, ಒಳಗೆ ಕತ್ತಲೆಯ ಕೋಣೆಗಳು, ಹಿಂದೆ ಭತ್ತ ಬೇಯಿಸುವ ಒಲೆ. ಗದ್ದೆಗಳು ಮೂರು ತರಗತಿಯವು. ಹೊಳೆಯ ಹತ್ತಿರದ ಬೈಲು, ಅದಕ್ಕಿಂತ ಮೇಲೆ ಮಜಲು, ಎಲ್ಲಕ್ಕೂ ಮೇಲೆ ಮಳೆನೀರನ್ನೇ ನಂಬಿದ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ. ವರ್ಗದ ಪಟ್ಟೆ ಅಜ್ಜಿಯ ತಮ್ಮಲೆಯ ಹೆಸರಿನಲ್ಲಿತ್ತು. ತೀರ್ವೆ ಕಟ್ಟುವುದು, ಒಕ್ಕಲುಗಳೊಂದಿಗೆ ಗೇಣಿಯ ಮಾತಾಡುವುದು, ಕೋರ್ಟು ಕಚೇರಿ ಎಲ್ಲ ಅವರ ಕೆಲಸ. ಆದರೆ ಧಾನ್ಯ ತುಂಬಿಡುವ ಪತ್ತಾಯದ ಬೀಗದಕೈ ಇದ್ದದ್ದು ಅಜ್ಜಿಯ ತಾಯಿಯ ಸೊಂಟದಲ್ಲಿ. ಯಾವ ಮುಡಿ ಮಾರುವುದು, ಯಾವುದು ಬೀಜಕ್ಕೆ, ಯಾವುದು ಮಳೆಗಾಲದ ಗಂಜಿಗೆ, ಯಾವುದು ನೇಮಕ್ಕೆ ಎಂದು ಅವರ ಬಾಯಿಂದ ಬರುವವರೆಗೆ ತಮ್ಮಲೆಯೂ ಪತ್ತಾಯ ತೆಗೆಸುತ್ತಿರಲಿಲ್ಲವಂತೆ.

ಮುಡಿ ಕಟ್ಟುವುದನ್ನು ಈಗಿನ ಮಕ್ಕಳು ನೋಡಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಲ್ಲಿ ಕಡೆಯ ಕೆಲವು ಮುಡಿಗಳನ್ನು ಕಟ್ಟಿದರು. ಉದ್ದನೆಯ ಬೈಹುಲ್ಲನ್ನು ಬುಡ ನಡುವಿಗೆ, ತುದಿ ಸುತ್ತಲೂ ಬರುವಂತೆ ನೆಲದ ಮೇಲೆ ಹರಡಿ, ಅದರ ಮೇಲೆ ಕುಚ್ಚಲಕ್ಕಿ ಸುರಿಯುತ್ತಾರೆ. ಮುಡಿಗೆ ನಲವತ್ತೆರಡು ಸೇರು. ಹುಲ್ಲನ್ನು ಎಲ್ಲ ಕಡೆಯಿಂದ ಎತ್ತಿ ಮುಚ್ಚಿ, ಹೊಸೆದ ಹುಲ್ಲಿನ ಬಳ್ಳಿಯಿಂದ ಸುತ್ತುತ್ತ ಹೋಗುತ್ತಾರೆ. ಪ್ರತಿ ಸುತ್ತಿಗೂ ಮರದ ಕೊಡತಿಯಿಂದ ಬಡಿದು ಬಿಗಿಮಾಡುತ್ತಾರೆ. ಮುಗಿದಾಗ ಉರುಟಾದ, ಕಲ್ಲಿನಷ್ಟು ಗಟ್ಟಿಯಾದ ಮುಡಿ. ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಹುಳ ಬೀಳುತ್ತಿರಲಿಲ್ಲ. ಗೇಣಿಯ ಲೆಕ್ಕ ಮುಡಿಯಲ್ಲಿ, ಸಾಲದ ಲೆಕ್ಕ ಮುಡಿಯಲ್ಲಿ, ಮನೆಯ ಘನತೆಯ ಲೆಕ್ಕವೂ ಮುಡಿಯಲ್ಲಿ. ಅಜ್ಜಿ ಐದನೇ ಕ್ಲಾಸಿನವರೆಗೆ ಕನ್ನಡ ಓದಿದ್ದರು. ಲೆಕ್ಕ ಬರೆಯಬಲ್ಲವರಾಗಿದ್ದರೂ ಪತ್ತಾಯದ ಬಾಗಿಲ ಹಿಂಬದಿ ಸುಣ್ಣದ ಗೆರೆ ಎಳೆಯುವ ತಾಯಿಯ ಪದ್ಧತಿಯನ್ನೇ ಕಡೆತನಕ ಇಟ್ಟುಕೊಂಡರು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಆ ಗೆರೆಗಳಿಗೆ ತಮ್ಮಲೆ ಎದುರಾಡಿದ್ದು ಯಾರಿಗೂ ನೆನಪಿಲ್ಲ.

ಕಟ್ಟಿನ ಮನಸ್ಸು ಹಬ್ಬದಲ್ಲೂ ಕಾಣುತ್ತಿತ್ತು. ಮಕರ ಮುಗಿದು ಕುಂಭ ಹತ್ತುವಾಗ ಬರುವ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆ. ಮೂರು ದಿನ ನೇಗಿಲು ಹಿಡಿಯುವಂತಿಲ್ಲ, ಹಾರೆ ಪಿಕ್ಕಾಸು ನೆಲಕ್ಕೆ ತಾಗಿಸುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಕೊನೆಯ ದಿನ ಬೆಳಗ್ಗೆ ಮನೆಯ ಹಿರಿಯಾಕೆ ಅಂಗಳದ ಒಂದು ಬದಿ ಶುದ್ಧಮಾಡಿ ಭೂಮಿಗೆ ಎಣ್ಣೆ ಬಿಡಬೇಕು, ಸೀಗೆ, ಅರಸಿನ, ಕುಂಕುಮ ಇಡಬೇಕು. ಹುರಿದಕ್ಕಿಯ ಹಿಟ್ಟಿಗೆ ಬೆಲ್ಲ, ಕಾಯಿ ಸೇರಿಸಿದ ನನ್ಯರಿ ಹಂಚಬೇಕು. ಅಜ್ಜಿ ಬಾಗಿ ಗರಿಕೆಯ ತುದಿಯಿಂದ ಎಣ್ಣೆಯನ್ನು ಹನಿಹನಿಯಾಗಿ ನೆಲಕ್ಕೆ ಬಿಡುವಾಗ ಬಾಣಂತಿಯ ನೆತ್ತಿಗೆ ಎಣ್ಣೆ ಇಡುವವರ ಹಾಗೆ ಮೆಲ್ಲಗೆ ಬಿಡುತ್ತಿದ್ದರು. ಗಂಡಸರಿಗೆ ಅಲ್ಲಿ ಕೆಲಸವಿರಲಿಲ್ಲ. ಹೆಣ್ಣಿನ ಮೂಲಕ ವಂಶವನ್ನು ಎಣಿಸಿದ ಜನ ಭೂಮಿಯನ್ನೂ ಹೆಣ್ಣೆಂದು ಕಂಡು ಅವಳಿಗೆ ಮೂರು ದಿನದ ವಿಶ್ರಾಂತಿ ಕೊಟ್ಟರು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಅಜ್ಜಿಯ ಮದುವೆ 1939ರಲ್ಲಿ, ಹೊಳೆಯಾಚೆಯ ಮನೆಯ ಹುಡುಗನೊಂದಿಗೆ. ತಮ್ಮಲೆಯೇ ಮುಂದೆ ನಿಂತು ಕೈಧಾರೆ ಎರೆದರು. ವರದಕ್ಷಿಣೆಯ ಮಾತೇ ಇರಲಿಲ್ಲ. ಹುಡುಗಿಗೆ ಹುಟ್ಟಿದ ಮನೆಯಲ್ಲೇ ಹಕ್ಕಿರುವಾಗ ಅವಳನ್ನು ದಾಟಿಸಲು ಯಾರಿಗೂ ಏನನ್ನೂ ತೆರಬೇಕಾಗಿರಲಿಲ್ಲ. ಅಜ್ಜಿ ಗಂಡನ ಮನೆಗೆ ಹೋದರು, ಅಲ್ಲಿ ದುಡಿದರು, ಅತ್ತೆಗೆ ಹೊಂದಿಕೊಂಡರು. ಆದರೆ ಆಟಿ ಬಂದರೆ ತವರು, ಬಸುರಾದರೆ ತವರು, ನೇಮ ಬಂದರೆ ತವರು. ನಾಲ್ಕೂ ಹೆರಿಗೆ ಹುಟ್ಟಿದ ಮನೆಯಲ್ಲಿಯೇ. ಅಜ್ಜನನ್ನು ಅವರು ಬಹಳ ಪ್ರೀತಿಯಿಂದ ನೆನೆಯುತ್ತಿದ್ದರು. ಅಜ್ಜನಿಗೆ ಯಕ್ಷಗಾನದ ಹುಚ್ಚು. ಆಟದ ಮೇಳ ಎಲ್ಲಿ ಬಂದರೂ ಸೂಟೆ ಹಿಡಿದು ಹೊರಡುವವರು, ಬೆಳಗ್ಗೆ ಬಂದು ಇಡೀ ಪ್ರಸಂಗವನ್ನು ಅಡುಗೆಮನೆಯ ಬಾಗಿಲಲ್ಲಿ ಕೂತು ಹೇಳುವವರು.

1954ರ ಮಳೆಗಾಲದಲ್ಲಿ ಅಜ್ಜ ಜ್ವರ ಬಂದು ಹತ್ತೇ ದಿನದಲ್ಲಿ ಹೋದರು. ಅಜ್ಜಿಗೆ ಆಗ ಮೂವತ್ತೊಂದು ವರ್ಷ. ಕಿರಿಯ ಮಗುವಿಗೆ ಹಲ್ಲು ಬಂದಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ತಮ್ಮಲೆ ದೋಣಿ ಕಟ್ಟಿಸಿಕೊಂಡು ಬಂದರು. ಅಮ್ಮನಿಗೆ ಆಗ ಹನ್ನೊಂದು ವರ್ಷ, ಆ ದಿನ ಚೆನ್ನಾಗಿ ನೆನಪಿದೆ. ದಡ ಹತ್ತಿ ಅಂಗಳಕ್ಕೆ ಬಂದಾಗ ಅಜ್ಜಿಯ ತಾಯಿ ಕಾಲಿಗೆ ನೀರು ಕೊಟ್ಟು, ಮಕ್ಕಳನ್ನು ಒಳಗೆ ಕರೆದು, ಗಂಜಿ ಬಡಿಸಿದರಂತೆ. ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ, ಎಷ್ಟು ದಿನ ಇರುತ್ತೀರಿ ಎಂದೂ ಕೇಳಲಿಲ್ಲ. ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಅದು ಅವರ ಮನೆ. ಅಜ್ಜಿ ಕುಂಕುಮ ತೆಗೆದರು, ಆದರೆ ತಲೆ ಬೋಳಿಸುವುದು, ಮೂಲೆಯಲ್ಲಿ ಕೂರಿಸುವುದು ನಮ್ಮಲ್ಲಿ ಇರಲಿಲ್ಲ. ವಿಧವೆಯರಿಗೆ ಬುಡುಧಾರೆಯ ಮದುವೆಯೂ ಇತ್ತು. ಎರಡು ವರ್ಷದ ಮೇಲೆ ತಮ್ಮಲೆ ಆ ಮಾತೆತ್ತಿದಾಗ ಅಜ್ಜಿ ಬೇಡವೆಂದರು, ಮಾತು ಅಲ್ಲಿಗೆ ಮುಗಿಯಿತು. ಅದೇ ವರ್ಷಗಳಲ್ಲಿ ಈ ದೇಶದ ಎಷ್ಟೋ ಮನೆಗಳಲ್ಲಿ ಮೂವತ್ತರ ವಿಧವೆಯೊಬ್ಬಳು ಮೈದುನನ ಅಡುಗೆಮನೆಯಲ್ಲಿ ತುತ್ತಿಗೆ ಕೈಚಾಚಿ ಬದುಕಬೇಕಿತ್ತು ಎಂಬುದನ್ನು ನೆನೆದರೆ ಆ ಗಂಜಿಯ ಬೆಲೆ ತಿಳಿಯುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಅಳಿಯಕಟ್ಟಿಗೆ ಅದರದೇ ಕ್ರೌರ್ಯಗಳಿದ್ದವು. ಯಜಮಾನ ದುರಾಸೆಯವನಾದರೆ ಇಡೀ ಕುಟುಂಬ ಅವನ ಕೈಯಲ್ಲಿ ಸಿಕ್ಕಿ ನರಳುತ್ತಿತ್ತು. ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಕುಟುಂಬದ ಆಸ್ತಿ ಪಾಲಾಗದು ಎಂದು ಮದ್ರಾಸ್ ಹೈಕೋರ್ಟು 1860ರ ದಶಕದಲ್ಲೇ ತೀರ್ಪು ಕೊಟ್ಟಿದ್ದರಿಂದ ಬಿಟ್ಟುಹೋಗುವ ದಾರಿಯೂ ಮುಚ್ಚಿತ್ತು. ತಂದೆ ಬದುಕಿಡೀ ದುಡಿದ ಗದ್ದೆಯಲ್ಲಿ ಅವನ ಸ್ವಂತ ಮಕ್ಕಳಿಗೆ ಒಂದು ಹಿಡಿ ಮಣ್ಣಿನ ಹಕ್ಕಿರಲಿಲ್ಲ. ಅಜ್ಜ ತೀರಿಕೊಂಡಾಗ ಅಜ್ಜಿಯ ಮಕ್ಕಳು ಅಪ್ಪನ ಮನೆಯಿಂದ ತಂದದ್ದು ಅಪ್ಪನ ಒಂದು ಕೊಡೆ, ಕೆಲವು ಪ್ರಸಂಗ ಪುಸ್ತಕ. ಇನ್ನೂ ದೊಡ್ಡ ಮಾತೆಂದರೆ, ನಮ್ಮ ಮನೆಯ ಹೆಂಗಸರ ಘನತೆ ನಿಂತದ್ದು ಬೇರೆ ಹೆಂಗಸರ ಬೆನ್ನಿನ ಮೇಲೆ. ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ನೇಜಿ ನೆಟ್ಟವರು, ಸಿರಿಯ ಕಥೆ ಹಾಡಿದವರು, ಚಾವಡಿಯ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು ಪಡಿಯಕ್ಕಿ ಪಡೆದವರು. ಅವರಿಗೂ ತಾಯಿಯಿಂದ ಮಗಳಿಗೆ ಬಂದ ಬರಿ ಇತ್ತು, ಆದರೆ ಮಗಳಿಗೆ ಬಿಟ್ಟುಹೋಗಲು ನೆಲವಿರಲಿಲ್ಲ. ಅವರ ಹೆಸರು ನಮ್ಮ ಮನೆಯ ಯಾವ ಕಾಗದದಲ್ಲೂ ಇಲ್ಲ.

ಕಟ್ಟು ಸಡಿಲವಾದದ್ದು ಕಾನೂನಿನಿಂದ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಇಂಗ್ಲಿಷ್ ಓದಿ ವಕೀಲರು, ಮೇಷ್ಟ್ರು, ಬ್ಯಾಂಕಿನವರು ಆದ ಗಂಡಸರಿಗೆ ತಮ್ಮ ಸಂಪಾದನೆ ತಮ್ಮ ಮಕ್ಕಳಿಗೆ ಸೇರಬೇಕೆಂಬ ಆಸೆ ಹುಟ್ಟಿ ಬಹಳ ವರ್ಷವಾಗಿತ್ತು. ಆ ಆಸೆಯಲ್ಲಿ ತಪ್ಪಿಲ್ಲ. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂತು. ಕುಟುಂಬದ ಪ್ರತಿಯೊಂದು ಕವರಿಗೆ, ಅಂದರೆ ಒಬ್ಬ ಹೆಣ್ಣು ಮತ್ತು ಅವಳ ಹೆಣ್ಣುಸಂತತಿಯ ಸಾಲಿಗೆ, ತನ್ನ ಪಾಲು ಬೇರೆ ಮಾಡಿಸಿಕೊಳ್ಳುವ ಹಕ್ಕು ಸಿಕ್ಕಿತು. ನಮ್ಮ ಮನೆಯ ಪಾಲುಪಟ್ಟಿ ನೋಂದಣಿಯಾದದ್ದು 1957ರಲ್ಲಿ. ಅದರ ನಕಲು ನನ್ನ ಬಳಿ ಇದೆ. ಬೈಲಿನಲ್ಲಿ ಇಷ್ಟು, ಮಜಲಿನಲ್ಲಿ ಇಷ್ಟು, ಬೆಟ್ಟಿನಲ್ಲಿ ಇಷ್ಟು ಎಂದು ಒಂದೊಂದು ಕವರಿಗೂ ಪಟ್ಟಿ. ಮಾವಿನಮರ, ಹಲಸಿನಮರ, ತಾಮ್ರದ ಹಂಡೆ ಕೂಡ ಹಂಚಿಕೆಯಲ್ಲಿವೆ. ದೈವದ ಕೋಣೆ, ಚಾವಡಿ, ಭಂಡಾರ ಮಾತ್ರ ಯಾವ ಕಾಲಕ್ಕೂ ಪಾಲಾಗದೆ ಎಲ್ಲರಿಗೂ ಸೇರಿದ್ದು ಎಂದು ಬರೆದಿದ್ದಾರೆ. ಎರಡನೇ ಕವರಿನ ಮೊದಲ ಹೆಸರು ಅಜ್ಜಿಯದು. ಹೆಸರಿನ ಕೆಳಗೆ ದುಂಡನೆಯ ಅಕ್ಷರದ ಸಹಿ. ಆ ಕಾಗದದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಹೆಂಗಸು ಅವರೊಬ್ಬರೇ.

ಅದೇ ಪಟ್ಟಿಯ ಮೂರನೇ ಕವರು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ಅದು ಅಜ್ಜಿಯ ಚಿಕ್ಕಮ್ಮನದು. ಮಕ್ಕಳಿಲ್ಲದೆ ಐವತ್ತು ದಾಟಿದ ವಿಧವೆ. ಐವತ್ತು ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು ಎಂದು ಕಾಯಿದೆ ವಿಂಗಡಿಸಿತ್ತು. ಸಂತತಿಯುಳ್ಳ ಕುಟುಂಬದಿಂದ ಬೇರೆಯಾಗುವ ನಿಸ್ಸಂತತಿ ಕವರಿಗೆ ಪಾಲು ಸಿಕ್ಕರೂ ಅದು ಬದುಕಿರುವಷ್ಟು ಕಾಲದ ಅನುಭೋಗಕ್ಕೆ ಮಾತ್ರ. ಅಲ್ಲಿಯವರೆಗೆ ಆ ಚಿಕ್ಕಮ್ಮ ಮನೆಯ ಹಿರಿಯರಲ್ಲಿ ಒಬ್ಬರು. ಮಕ್ಕಳ ಕಾಯಿಲೆಗೆ ಮದ್ದು ಅರೆಯುವವರು, ನೇಮದ ದಿನ ಒಳಗಿನ ಪೂರಾ ಜವಾಬ್ದಾರಿ ಹೊರುವವರು. ಕಾಗದ ಓದಿ ಹೇಳಿದ ದಿನ ರಾತ್ರಿ ಅವರು ಊಟ ಮಾಡಲಿಲ್ಲವಂತೆ. ಅಜ್ಜಿ ಅವರನ್ನು ಬೇರೆ ಒಲೆ ಹೂಡಲು ಬಿಡಲಿಲ್ಲ. ಪಾಲು ಕಾಗದದಲ್ಲಿ ಆಯಿತು, ಅನ್ನ ಒಂದೇ ಪಾತ್ರೆಯಲ್ಲಿ ಬೆಂದಿತು. ಚಿಕ್ಕಮ್ಮ ಬದುಕಿದ್ದ ಹದಿನೆಂಟು ವರ್ಷವೂ ಹಾಗೆಯೇ.

ನಮ್ಮ ಪಾಲುಪಟ್ಟಿಗೂ ಮುಂಚೆ, 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತ್ತು. ಅಳಿಯಕಟ್ಟಿನವರು ತೀರಿಕೊಂಡರೆ ಕುಟುಂಬದಲ್ಲಿ ಅವರಿಗಿದ್ದ ಹಕ್ಕು ಇನ್ನು ಕುಟುಂಬದಲ್ಲೇ ಉಳಿಯದೆ ಈ ಕಾಯಿದೆಯ ವಾರಸುದಾರರಿಗೆ ಹೋಗಬೇಕೆಂದಾಯಿತು. ಕಟ್ಟಿನ ಬೇರು ಕಡಿದದ್ದು ಇದು. ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಹರಿಯತೊಡಗಿತು. ಆದರೂ ಹಳೆಯ ಕಟ್ಟಿನ ಒಂದು ಎಳೆ ಆ ಕಾಯಿದೆಯ 17ನೇ ಕಲಮಿನಲ್ಲಿ ಉಳಿದುಕೊಂಡಿದೆ. ಅಳಿಯಕಟ್ಟಿನ ಹೆಣ್ಣೊಬ್ಬಳು ವೀಲುನಾಮೆ ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಅವಳ ಮಕ್ಕಳಿಗೆ ಮತ್ತು ತಾಯಿಗೆ. ಗಂಡನ ಸರದಿ ತಂದೆಯ ಜೊತೆ ಎರಡನೆಯದು. ಬೇರೆ ಹಿಂದೂ ಹೆಣ್ಣಿನ ಆಸ್ತಿಯಲ್ಲಿ ಮಕ್ಕಳೊಡನೆ ಗಂಡ ಮೊದಲ ಸಾಲಿನಲ್ಲಿ ಇದ್ದಾನೆ, ತಾಯಿ ಎಷ್ಟೋ ಹಿಂದೆ ನಿಂತಿದ್ದಾಳೆ. ತುಳುನಾಡಿನ ಎಷ್ಟೋ ಮಂದಿಗೆ ಈ ಕಲಮು ಇರುವುದೇ ಗೊತ್ತಿಲ್ಲ.

ಹಳೆಯ ಕಟ್ಟಿಗೆ ಮೂರನೆಯ ಪೆಟ್ಟು 1974ರದ್ದು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಆ ವರ್ಷ ಮಾರ್ಚ್ 1ರಂದು ಜಾರಿಗೆ ಬಂತು. ದೇವರಾಜ ಅರಸರ ಸರಕಾರ. ಉಳುವವನೇ ಹೊಲದೊಡೆಯ. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು. ಅದೇ ಮಳೆಗಾಲದಲ್ಲಿ ನೇತ್ರಾವತಿಯಲ್ಲಿ ಮತ್ತೆ ದೊಡ್ಡ ನೆರೆ. ಅಜ್ಜಿಯ ಕವರಿನ ಗದ್ದೆಗಳಲ್ಲಿ ಸ್ವಂತ ಬೇಸಾಯದ್ದು ಬಿಟ್ಟು ಉಳಿದದ್ದು ಒಕ್ಕಲುಗಳಿಗೆ ಹೋಯಿತು. ಹಲವು ಒಡೆಯರು ಟ್ರಿಬ್ಯುನಲ್ಲಿನಲ್ಲಿ ಅವನು ಒಕ್ಕಲೇ ಅಲ್ಲ, ಕೂಲಿಯವನು ಎಂದು ವಾದ ಹೂಡಿದರು. ಅಜ್ಜಿಗೂ ಹಾಗೆ ಹೇಳಬೇಕೆಂದು ಸಲಹೆ ಕೊಟ್ಟವರಿದ್ದರು. ಅವರು ಹೇಳಲಿಲ್ಲ. ಟ್ರಿಬ್ಯುನಲ್ಲಿನ ಎದುರು ನಿಂತು, ಈ ಮನೆಯವರು ನನ್ನ ತಾಯಿಯ ಕಾಲದಿಂದ ಗೇಣಿಗೆ ಮಾಡುತ್ತಿದ್ದಾರೆ, ಗದ್ದೆ ಅವರಿಗೇ ಆಗಲಿ ಎಂದು ಹೇಳಿಕೆ ಕೊಟ್ಟು ಬಂದರು. ಮನೆಯಲ್ಲಿ ಅದಕ್ಕೆ ಜಗಳವಾಯಿತು. ಅಜ್ಜಿಯ ಉತ್ತರ ಒಂದೇ: ಇದ್ದದ್ದನ್ನು ಇಲ್ಲವೆಂದು ಹೇಳಿ ದೈವದ ಎದುರು ನಿಲ್ಲಲು ನನ್ನಿಂದಾಗದು.

ಆ ಕಡತವನ್ನು ವಕೀಲಳಾದ ಮೇಲೆ ತೆಗೆದು ನೋಡಿದೆ. ನಮ್ಮ ಒಕ್ಕಲುಗಳೂ ಅಳಿಯಕಟ್ಟಿನವರೇ. ಆ ಮನೆಗಳನ್ನು ಆಳುತ್ತಿದ್ದವರೂ ಅಜ್ಜಿಯಂಥ ಹೆಂಗಸರೇ. ಆದರೆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರ ಹೆಸರಿನಲ್ಲಿದ್ದವು. ಅದರಂತೆ ಮಂಜೂರಾತಿಯೂ ಗಂಡಸಿನ ಹೆಸರಿಗೆ. ಮುಂದಿನ ತಲೆಮಾರಿನಲ್ಲಿ ಅಕ್ಕತಂಗಿಯರು ಪಾಲು ಕೇಳಿ ಕೋರ್ಟಿಗೆ ಬರಬೇಕಾಯಿತು. ಭೂಮಿ ಉಳುವವರ ಕೈಗೆ ಬಂದದ್ದು ನ್ಯಾಯ. ಬರುವ ದಾರಿಯಲ್ಲಿ ಅದು ಹೆಣ್ಣಿನ ಕೈ ತಪ್ಪಿಹೋದದ್ದನ್ನು ಯಾರೂ ಗಮನಿಸಲಿಲ್ಲ.

ಉಳಿದ ನಲವತ್ತು ವರ್ಷ ಅಜ್ಜಿ ಉಳಿದ ಗದ್ದೆಯಿಂದಲೇ ಬದುಕು ಕಟ್ಟಿದರು. ಅಜ್ಜಿಯ ಹಿರಿಯ ಮಗ, ನನ್ನ ಸೋದರಮಾವ, ಅದಕ್ಕೂ ಮೊದಲೇ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಓದಿ, ಮುಂದೆ ತನ್ನದೇ ಕ್ಯಾಂಟೀನು ಹಾಕಿದರು. ಅವರ ಮನಿಯಾರ್ಡರಿನಿಂದ ಅಮ್ಮ ಟೀಚರ್ ಟ್ರೈನಿಂಗ್ ಮುಗಿಸಿದರು. ಬೈಲಿನ ಬದಿಯಲ್ಲಿ ಅಡಿಕೆ ಹಾಕಿಸಿದ್ದು, ಕೆರೆಗೆ ಪಂಪು ಇಡಿಸಿದ್ದು, ಮಗಳಂದಿರನ್ನು ಓದಿಸಿದ್ದು ಎಲ್ಲ ಅಜ್ಜಿಯ ತೀರ್ಮಾನ. ತಮ್ಮಲೆ ತೀರಿಕೊಂಡ ಮೇಲೆ ಇಡೀ ಕುಟುಂಬಕ್ಕೆ ಅವರೇ ಹಿರಿಯರು. ಎರಡು ವರ್ಷಕ್ಕೊಮ್ಮೆ ನೇಮದಲ್ಲಿ ದೈವ ಕುಟುಂಬದ ಹಿರಿಯರನ್ನು ಕರೆಯುವಾಗ ಅಜ್ಜಿ ಬಿಳಿ ಸೀರೆಯುಟ್ಟು ಮುಂದೆ ಬರುತ್ತಿದ್ದರು. ದೈವ ಅವರಿಗೆ ಅಭಯ ಕೊಟ್ಟು ಗಂಧ ಕೊಟ್ಟ ಮೇಲೆಯೇ ಉಳಿದವರಿಗೆ. ಮುಂಬಯಿಯಿಂದ, ದುಬೈಯಿಂದ ಬಂದವರೆಲ್ಲ ಅಂಗಳದಲ್ಲಿ ನಿಂತಿರುತ್ತಿದ್ದರು. ಯಾರು ಯಾರ ಮಗಳು, ಯಾವ ಕವರು, ಯಾವ ಮನೆಗೆ ಮದುವೆ ಎಂದು ನಾಲ್ಕು ತಲೆಮಾರಿನ ಹೆಂಗಸರ ಹೆಸರುಗಳನ್ನು ಅಜ್ಜಿ ತಡೆಯಿಲ್ಲದೆ ಹೇಳುತ್ತಿದ್ದರು. ಅವರ ಬಾಯಿಂದ ಕೇಳಿ ನಾನು ಬರೆದುಕೊಂಡ ವಂಶಾವಳಿಯಲ್ಲಿ ಇಂದು ನೂರಕ್ಕೂ ಹೆಚ್ಚು ಹೆಸರುಗಳಿವೆ, ಮೂಲದಲ್ಲಿ ಇರುವುದು ಒಬ್ಬ ತಾಯಿ.

ಅಜ್ಜಿಯ ಬೊಜ್ಜದ ದಿನ ಬಂದವರಲ್ಲಿ ನಮ್ಮ ಹಳೆಯ ಒಕ್ಕಲಿನ ಮನೆಯವರೂ ಇದ್ದರು. ಬಡಿಸಲು ಮುಂದೆ ನಿಂತವರು ಅವರೇ.

ಈಗ ನನ್ನ ಕೆಲಸದ ಮೇಜಿನ ಮಾತು. ವಾರಕ್ಕೊಮ್ಮೆಯಾದರೂ ಒಬ್ಬ ಅಣ್ಣನೋ ತಮ್ಮನೋ ಬಂದು, ಅಕ್ಕತಂಗಿಯರದ್ದು ಹಕ್ಕು ಖುಲಾಸೆ ಪತ್ರ ಮಾಡಬೇಕು ಎನ್ನುತ್ತಾನೆ. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ, ಅವರಿಗೇನೂ ಬೇಡವಂತೆ ಎನ್ನುತ್ತಾನೆ. ಜೊತೆಗೆ ಬಂದ ಹೆಣ್ಣುಮಗಳು ತಲೆತಗ್ಗಿಸಿ ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ಕೇಳುತ್ತಾಳೆ. ಇವರಲ್ಲಿ ಹೆಚ್ಚಿನವರು ಅಳಿಯಕಟ್ಟಿನ ಮನೆಗಳವರು. ಮಿತಾಕ್ಷರ ಕುಟುಂಬದ, ಅಂದರೆ ಮಕ್ಕಳಕಟ್ಟಿನ ಕೂಡುಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಆಸ್ತಿಯಲ್ಲಿ ಹಕ್ಕು ಎಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾನೂನು ತಿದ್ದಿದವು. ದೇಶ ಅಷ್ಟು ತಡವಾಗಿ ಕೊಟ್ಟದ್ದು ನಮ್ಮ ಅಜ್ಜಿಯಂದಿರಿಗೆ ತೊಟ್ಟಿಲಲ್ಲೇ ಇತ್ತು. ಇದ್ದವರ ಮೊಮ್ಮಕ್ಕಳು ಅದನ್ನು ಸಹಿ ಹಾಕಿ ಬಿಟ್ಟುಕೊಡುತ್ತಿದ್ದಾರೆ.

ಅಳಿಯಕಟ್ಟು ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಅದರ ಯಜಮಾನಿಕೆ ಹೋದದ್ದು ಒಳ್ಳೆಯದಾಯಿತು, ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಹಕ್ಕು ಬಂದದ್ದು ಒಳ್ಳೆಯದಾಯಿತು, ಗದ್ದೆ ದುಡಿದವರದ್ದಾದದ್ದು ಎಲ್ಲಕ್ಕಿಂತ ಒಳ್ಳೆಯದಾಯಿತು. ಆದರೆ ಹುಟ್ಟಿದ ಮನೆಗೆ ಯಾವಾಗ ಬೇಕಾದರೂ ಯಾರನ್ನೂ ಕೇಳದೆ ಮರಳಿ ಬರುವ ಹಕ್ಕು ಹೆಣ್ಣಿಗೆ ಇರಬೇಕು ಎಂಬ ಆ ಕಟ್ಟಿನ ತಿರುಳು ಕಳೆದುಹೋಗಬಾರದು. ಆದ್ದರಿಂದ ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ. ಖುಲಾಸೆ ಪತ್ರ ಮುಂದೆ ಬಂದಾಗ ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಓದಿ, ನಿಮ್ಮವರೇ ಆದ ವಕೀಲರಿಗೆ ತೋರಿಸಿ, ನಿಮ್ಮ ಪಾಲು ಎಷ್ಟೆಂದು ತಿಳಿದುಕೊಳ್ಳಿ. ಕೊಡಲೇಬೇಕೆನಿಸಿದರೆ ತಿಳಿದು ಕೊಡಿ. ಪೂರಾ ಕೊಟ್ಟರೂ ಹುಟ್ಟಿದ ಮನೆಯಲ್ಲಿ ಬದುಕಿರುವಷ್ಟು ಕಾಲ ವಾಸದ ಹಕ್ಕನ್ನು ಪತ್ರದಲ್ಲಿ ಬರೆಸಿಕೊಳ್ಳಿ. ಅಣ್ಣತಮ್ಮಂದಿರೇ, ಆ ಸಾಲನ್ನು ಅವರು ಕೇಳುವ ಮೊದಲೇ ನೀವು ಬರೆಸಿ.